ಲೈನ್ ಬುಡು

ಗ್ರಾಮಫೋನ್ ಪ್ಲೇಟು ಹಾಡದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಅದನ್ನು ಹಾಡಿಸುವುದಕ್ಕೆಂದೇ ಹೇಮಶ್ರೀ ನನ್ನನ್ನು ಮದ್ದೂರಿನ ತನ್ನ ಮನೆಗೆ ಕರೆಸಿಕೊಂಡಿದ್ದಳು.

ಅವಳು ನನ್ನ ಗೆಳೆಯ ಸಿದ್ದರಾಮುವಿನ ಮಗಳು. ಅವನೂ ನಾನೂ ಅಲ್ಲೇ ಹತ್ತಿರದ ಕೊಪ್ಪದ ಕಡೆ ಲೈನ್‌ಮನ್‌ಗಳಾಗಿದ್ದೆವು. ಮಗಳಿಗೆ ಆರು ತಿಂಗಳಾಗಿದ್ದಾಗ ಅವನು ಕಂಬದ ಮೇಲೆ ಕರೆಂಟು ಹೊಡೆದು ಸತ್ತ. ಅದರ ಹಿಂದಿನ ವರ್ಷ ಮೈಸೂರಿನ ಸಣ್ಣ ಕಂಪನಿಯೊಂದು ನಮ್ಮೂರ ಕೋಲಾಟದ ಮೇಳದಿಂದ ಹಾಡಿಸಿ ಒಂದು ಪ್ಲೇಟು ಹೊರತಂದಿತ್ತು. ಮುಂದೆ ನಿಂತು ಪದ ಹೇಳಿದವನು ಸಿದ್ದರಾಮು. ಈಗ, ನಲವತ್ತು ವರ್ಷದ ಮೇಲೆ, ಅದು ಟ್ರಂಕಿನ ತಳದಲ್ಲಿ ಸಿಕ್ಕಿತು. ಅಪ್ಪನ ದನಿಯನ್ನೇ ಕೇಳದ ಹುಡುಗಿ ಪ್ಲೇಟು ಹಾಡಿಸುವ ಒಂದು ಯುಎಸ್‌ಬಿ ಟರ್ನ್‌ಟೇಬಲ್ ತರಿಸಿಯೇಬಿಟ್ಟಳು.

ನನ್ನ ಭಯ ಬೇರೆ. ಸಿದ್ದರಾಮು ಸತ್ತಿದ್ದು ನನ್ನ ಒಂದು ಮಾತಿನಿಂದ. ವಿಚಾರಣೆಗೆ ಬಂದವರು, ಹೇಳದೆ ಕೇಳದೆ ಕಂಬ ಹತ್ತಿದ ಎಂದು ಬರೆದುಕೊಂಡು ಹೋದರು. ಊರಿನವರು ಕುಡಿದು ಹತ್ತಿದ ಎಂದು ಸೇರಿಸಿದರು. ಎರಡನ್ನೂ ನಾನು ಅಲ್ಲಗಳೆಯಲಿಲ್ಲ. ಸತ್ತವನ ದನಿ ಆ ಕೋಣೆಯಲ್ಲಿ ಎದ್ದರೆ ಅವನ ಹೆಂಡತಿ ಚಿಕ್ಕನಂಜಮ್ಮನ ಮುಖ ನೋಡಿಕೊಂಡು ಹೇಗೆ ಕೂರಲಿ?

ಅವಳು ಎದುರಿಗೇ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ಹೇಮಶ್ರೀ ಯುಎಸ್‌ಬಿ ವೈರನ್ನು ಸ್ಟೀರಿಯೋದ ಪೆನ್‌ಡ್ರೈವ್ ತೂತಿಗೆ ಹಾಕಿದಳು. ಪ್ಲೇಟು ಸುತ್ತಿತು, ಸದ್ದಿಲ್ಲ.

"ಅದು ಕಂಪ್ಯೂಟರಿಗೆ ಆಕೋ ವೈರು ಕಣವ್ವ. ಸ್ಟೀರಿಯೋಗೆ ಈ ಕೆಂಪು, ಬಿಳಿ ಜೋಡಿ ಅದೆಯಲ್ಲ, ಅದ ಆಕು" ಎಂದೆ. ಹೇಳಿದ ಮೇಲೆ ಸುಮ್ಮನಿರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಹಾಳು ಕೆಲಸಗಾರನ ಬುದ್ಧಿ, ತಪ್ಪು ಜೋಡಣೆ ಕಂಡರೆ ತಡೆಯುವುದಿಲ್ಲ.

ಕೆಂಪು, ಬಿಳಿ ಎರಡನ್ನೂ ಸ್ಟೀರಿಯೋದ ಹಿಂದೆ ಸಿಕ್ಕಿಸಿದೆವು. ಈ ಸಲ ಏನೋ ಕೇಳಿತು. ವಾಲ್ಯೂಮು ಪೂರ್ತಿ ತಿರುಗಿಸಿದರೂ ಅಷ್ಟೇ.

"ಸೊಳ್ಳೆ ಗುಂಯ್ ಅಂದಂಗದೆ" ಎಂದಳು ಚಿಕ್ಕನಂಜಮ್ಮ. "ಇದಾ ಅವ್ರ ದನಿ?"

ಹೇಮಶ್ರೀ ಕನ್ನಡಕ ಏರಿಸಿಕೊಂಡು ಟರ್ನ್‌ಟೇಬಲ್ ಜೊತೆಗೆ ಬಂದಿದ್ದ ಪುಸ್ತಕ ಓದಿದಳು. "ದೊಡ್ಡಪ್ಪ, ಟರ್ನ್‌ಟೇಬಲ್ ಹಿಂದ್ಗಡೆ ಒಂದು ಸಣ್ಣ ಸ್ವಿಚ್ ಇರ್ಬೇಕು ನೋಡಿ. ಸದ್ದು ಕಮ್ಮಿ ಬಂದ್ರೆ ಅದನ್ನ ಆ ಕಡೆಗೆ ತಳ್ಬೇಕಂತೆ."

ನಾನು ಬಗ್ಗಿ ಟಾರ್ಚು ಬಿಟ್ಟೆ. ಉಗುರಿನಷ್ಟು ಸ್ವಿಚ್ಚು. ಒಂದು ಕಡೆ ಫೋನೋ, ಇನ್ನೊಂದು ಕಡೆ ಲೈನ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಫೋನೋ ಕಡೆಗೆ ಇತ್ತು.

"ಸಿಕ್ತಾ ದೊಡ್ಡಪ್ಪ? ಲೈನ್‌ಗೆ ಬುಡಿ."

ಕೈ ಮುಂದಕ್ಕೆ ಹೋಗಲಿಲ್ಲ. ಅದು ದನಿಯ ಲೈನು, ಕರೆಂಟಿನದಲ್ಲ ಎಂದು ನನಗೆ ಗೊತ್ತು. ಮೂವತ್ತೈದು ವರ್ಷ ಕೆಲಸ ಮಾಡಿದವನಿಗೆ ಅಷ್ಟು ತಿಳಿಯದೇ? ಆದರೂ ಟಾರ್ಚು ಹಿಡಿದು ಬಗ್ಗಿಯೇ ಇದ್ದೆ.

"ಬಾವ, ಅದ್ಯಾಕಂಗೆ ಬೆವರ್ತಾ ಇದೀರಿ? ಲೈನ್ ಬುಡಿ ಅಂತಾವ್ಳಲ್ಲ ಮಗ" ಎಂದಳು ಚಿಕ್ಕನಂಜಮ್ಮ.

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಟಾರ್ಚು ಕೆಳಗಿಟ್ಟು, ನೆಲದ ಮೇಲೇ ಕೂತುಕೊಂಡೆ.

"ನಂಜಮ್ಮ, ಅವತ್ತು ಆ ಮಾತ ಆಡ್ದೋನು ನಾನು ಕಣವ್ವ."

ಎಲ್ಲವನ್ನೂ ಹೇಳಿದೆ. ನಾವು ಕೇಳಿಕೊಂಡಂತೆ ಸಬ್‌ಸ್ಟೇಷನ್ನಿನವರು ಕರೆಂಟು ತೆಗೆದಿದ್ದರು. ಸಿದ್ದರಾಮು ಕಂಬದ ಮೇಲಿದ್ದ. ಕೆಲಸ ಇನ್ನೂ ಇದೆ ಎಂದು ತಿಳಿಸಲು ನಾನು ರೈಸ್ ಮಿಲ್ಲಿನ ಫೋನಿಗೆ ಹೋದೆ. ಮಿಲ್ಲಿನ ಗದ್ದಲದಲ್ಲಿ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಪಕ್ಕದ ಲೈನನ್ನೂ ತೆಗೆಯಲೇ ಎಂದು ಸ್ಟೇಷನ್ನಿನ ಆಪರೇಟರ್ ಕೇಳಿದ. "ಆ ಲೈನ್ ಬುಡು" ಎಂದೆ. ಅದರ ತಂಟೆಗೆ ಹೋಗಬೇಡ, ಹಾಗೇ ಇರಲಿ ಎಂದು ನನ್ನ ಅರ್ಥ. ಅವನಿಗೆ ಕೇಳಿಸಿದ್ದು ಲೈನ್ ಬುಡು, ಕರೆಂಟು ಬುಡು ಎಂದು. ಮರುಮಾತು ಕೇಳದೆ ಫೋನಿಟ್ಟು ನಮ್ಮ ಲೈನಿಗೇ ಕರೆಂಟು ಬಿಟ್ಟ. ನಾನು ಕಂಬದ ಹತ್ತಿರ ಬರುವುದರೊಳಗೆ ಎಲ್ಲ ಮುಗಿದಿತ್ತು. ವಿಚಾರಣೆಯಲ್ಲಿ ಆಪರೇಟರೂ ನಾನೂ, ಕರೆಂಟು ತೆಗೆಯುವ ಬಗ್ಗೆ ಫೋನೇ ಆಗಿಲ್ಲ ಎಂದೆವು.

ಹೇಮಶ್ರೀ ಎದ್ದು ಬಂದು ನನ್ನನ್ನು ದಾಟಿ ಬಗ್ಗಿದಳು. ತಾನೇ ಸ್ವಿಚ್ಚು ತಳ್ಳಿ, ಮುಳ್ಳನ್ನು ಎತ್ತಿ ಪ್ಲೇಟಿನ ಅಂಚಿಗಿಟ್ಟಳು.

ಕೋಣೆ ತುಂಬ ಕೋಲಿನ ಸದ್ದು. ಅದರ ಮೇಲೆ ಸಿದ್ದರಾಮು, ಮೂವತ್ತು ತುಂಬದ ಗಟ್ಟಿ ಗಂಟಲು, ಎಳೆದೆಳೆದು ಹಾಡುತ್ತಿದ್ದ. ನಡುವೆ ನಗು ತಡೆಯಲಾಗದೆ ಒಂದು ಸಾಲು ತಪ್ಪಿದ. ಪಕ್ಕದಲ್ಲಿ ತಾಳ ಹಾಕುತ್ತ ಅವನನ್ನು ನಗಿಸಿದವನು ನಾನೇ. ನನಗೆ ಅಳು ಬಂತು, ಮುಚ್ಚಿಕೊಳ್ಳಲಿಲ್ಲ.

ಹೇಮಶ್ರೀ ಸ್ಟೀರಿಯೋ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ಚಿಕ್ಕನಂಜಮ್ಮ ಮುಳ್ಳು ಕೊನೆಗೆ ಬಂದು ಕರಕರ ಎನ್ನುವವರೆಗೂ ಕದಲಲಿಲ್ಲ. ಆಮೇಲೆ ಕೇಳಿದಳು: "ಅವ್ರು ಅವತ್ತು ಕುಡ್ದಿರ್ನಿಲ್ವ?"

"ಇಲ್ಲ ಕಣವ್ವ."

"ಒಂದ್ ತೊಟ್ಟೂ?"

"ಒಂದ್ ತೊಟ್ಟೂ ಇಲ್ಲ."

"ನಲ್ವತ್ತು ವರ್ಸ" ಎಂದಳು. "ಅವ್ರ ಪಟುದ್ ಮುಂದೆ ದೀಪ ಅಚ್ಚುವಾಗೆಲ್ಲ ಬೈಕೊಂಡೇ ಅಚ್ಚಿವ್ನಿ. ಕುಡ್ದು ಸತ್ತು ನನ್ ಮಗೀನ ಪರದೇಸಿ ಮಾಡ್ದೆ ಅಂತ."

ನಾನು ಕೈ ಮುಗಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಮಗ, ಮೊದ್ಲಿಂದ ಆಕು. ಬಾವ, ನೀವಿನ್ನು ಬುಡಿ."

ಆ ಮಾತು ಬಿಡಿ ಎಂದಳೋ, ಈ ಮನೆ ಬಿಡಿ ಎಂದಳೋ ತಿಳಿಯಲಿಲ್ಲ. ಮರುಮಾತು ಕೇಳದೆ ಫೋನಿಟ್ಟ ಎಂದು ಆ ಆಪರೇಟರನನ್ನು ನಲವತ್ತು ವರ್ಷ ಶಪಿಸಿದವನು ನಾನು. ಈಗ ನಾನೂ ಚಿಕ್ಕನಂಜಮ್ಮನನ್ನು ಯಾವುದನ್ನು ಬಿಡಲಿ ಎಂದು ಕೇಳದೆ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.