ಡಬಲ್ ಆಕ್ಟಿಂಗ್ ಮಾತ್ರೆ

ಹಸು ಹತ್ರ ಬಗ್ಗಿ ಎದ್ದ ನಮ್ಮಜ್ಜಿ ತೀರ್ಥಮ್ಮ, ಕಣ್ಣು ಕತ್ಲೆ ಬಂದು ಕಂಬ ತಬ್ಕೊಂಡು ಕೂತ್ಬಿಟ್ಲು. ಈ ವಾರದಲ್ಲಿ ಎರಡ್ನೇ ಸಲ.

"ನಿಶ್ಶಕ್ತಿ ಕಣೇ ಸ್ಫೂರ್ತಿ," ಅಂದ ಅಜ್ಜ ಸೋಮಶೇಖರಪ್ಪ. ನಮ್ಮೂರು ಬುಕ್ಕಾಂಬುಧಿಲಿ ಅವಂದು ತೆಂಗಿನಕಾಯಿ ವ್ಯಾಪಾರ, ಚಿಪ್ಪೂ ಬಿಸಾಕಲ್ಲ. ನಮ್ಮನೇಲಿ ಡೈರೆಕ್ಟರು, ಪ್ರೊಡ್ಯೂಸರು, ವಿಲನ್ನು, ಎಲ್ಲಾ ಅವನೇ.

ನಂಗೆ ಡೌಟ್ ಬಂತು. ಅಜ್ಜಿ ಬಿಪಿಗೆ ಮೊದ್ಲು ಎರಡು ಮಾತ್ರೆ ಇದ್ವು. ಹೋದ್ವಾರ ಡಾಕ್ಟ್ರು ಎರಡನ್ನೂ ಸೇರ್ಸಿರೋ ಒಂದೇ ಮಾತ್ರೆ ಬರ್ಕೊಟ್ರು. ಕೊಡೋದು ಅಜ್ಜನ ಡಿಪಾರ್ಟ್‌ಮೆಂಟು. ಡಬ್ಬಿ ತೆಗ್ದು ನೋಡ್ತೀನಿ, ಹಳೇವೂ ಖಾಲಿ ಆಗ್ತಾ ಇವೆ!

"ಅಜ್ಜಾ, ಮೂರೂ ಕೊಡ್ತಿದೀಯಾ?"

"ಉಳ್ದಿದ್ವಲ್ಲ, ಬಿಸಾಕಕ್ಕಾಗುತ್ತಾ?"

"ಹೊಸದು ಡಬಲ್ ಆಕ್ಟಿಂಗ್ ಕಣಜ್ಜಾ! ಅಣ್ಣನೂ ಅದೇ, ತಮ್ಮನೂ ಅದೇ. ಮತ್ತೆ ಹಳೇ ಇಬ್ರುನ್ನ ಯಾಕೆ ಒಳಗ್ ಬಿಟ್ಟೆ? ಬಿಪಿ ಪಾತಾಳಕ್ಕಿಳ್ದಿರುತ್ತೆ!"

"ಲೇ, ನಿನ್ ಸಿನಿಮಾ ಆಚೆ ಇಟ್ಕೋ."

ಡಾಕ್ಟ್ರಿಗೆ ಫೋನ್ ಹಾಕ್ದೆ. "ಈಗ್ಲೇ ಕರ್ಕೊಂಡ್ ಬಾ," ಅಂದ್ರು. ಕಾಯಿ ಸಾಗ್ಸೋ ನಮ್ ಲಗೇಜ್ ಆಟೋ ಕೀ ಇರೋದು ಅಜ್ಜನ ಜೇಬಲ್ಲಿ.

"ತಿಂಡಿ ತಿಂದು ನೋಡಣ," ಅಂತ ಗತ್ತಲ್ಲಿ ಕೂತ.

ಓಹೋ, ಹಂಗಾ? ಅವನ ಉಪ್ಪಿಟ್ಟಿಗೆ ಇನ್ನೊಂದ್ ಚಮಚ ಉಪ್ಪು ಕಲ್ಸಿ ಮುಂದಿಟ್ಟೆ. ಒಂದೇ ತುತ್ತು, ಥೂ ಅಂತ ಉಗ್ದ.

"ಏನೇ ಇದು!"

"ಉಪ್ಪು ಹಾಕಾಗಿತ್ತು. ಡಬ್ಬಿಲಿ ಉಳ್ದಿತ್ತಲ್ಲ, ಬಿಸಾಕಕ್ಕಾಗುತ್ತಾ ಅಂತ ಇನ್ನೊಂದ್ಸಲ ಹಾಕ್ದೆ. ತಿನ್ನಜ್ಜಾ."

ಅಜ್ಜ ತಟ್ಟೆ ನೋಡ್ದ. ಕಂಬಕ್ಕೊರಗಿದ್ದ ಅಜ್ಜಿನ ನೋಡ್ದ. ಎದ್ದು ಕೀ ತೆಗ್ದ.

ಅಜ್ಜಂಪುರದ ಆಸ್ಪತ್ರೇಲಿ ಡಾಕ್ಟ್ರು ಬಿಪಿ ನೋಡಿ ಬೆಚ್ಚಿದ್ರು. ಸಂಜೆವರ್ಗೂ ಅಲ್ಲೇ ಮಲಗ್ಸಿದ್ರು. "ಹಳೇವು ಬಂದ್. ಇವತ್ತು ಇನ್ನೇನೂ ಬೇಡ, ನಾಳೆಯಿಂದ ಹೊಸದೊಂದೇ. ನನ್ ಕೇಳ್ದೆ ಸೇರ್ಸೋದೂ ಇಲ್ಲ, ನಿಲ್ಸೋದೂ ಇಲ್ಲ."

ಮನೆಗೆ ಬಂದಿದ್ದೇ ತಡ, ಅಜ್ಜಂದು ಹೊಸಾ ಕಥೆ: "ಒಂದ್ವಾರ ಎಲ್ಲಾ ನಿಲ್ಸಿಬಿಡಣ. ಉಸಾಬರಿನೇ ಬೇಡ."

ಅಜ್ಜನ ಮಾತಿಗೆ ಯಾವತ್ತೂ ಎದುರಾಡ್ದ ಅಜ್ಜಿ ಕೈ ಚಾಚಿದ್ಲು. "ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವೇನ್ರೀ? ತಲೆ ತಿರುಗಿದ್ದು ನಂಗೆ. ಮಾತ್ರೆ ನಂದು. ಡಬ್ಬಿ ಇತ್ಲಾಗ್ ಕೊಡಿ."

ಅಜ್ಜ ಕೊಟ್ಟ. ಹೊಸ ಸ್ಟ್ರಿಪ್ಪು ಅಜ್ಜಿ ಎಲೆಅಡಿಕೆ ಚೀಲಕ್ಕೆ ಹೋಯ್ತು, ಹಳೇವ್ನ ನನ್ ಕೈಗಿಟ್ಲು.

"ಮೆಡಿಕಲ್ ಸ್ಟೋರಿನೋರಿಗೆ ಕೊಟ್ಬಾ, ಅವ್ರೇ ಏನ್ ಮಾಡ್ಬೇಕೋ ಮಾಡ್ತಾರೆ."

"ಅಯ್ಯೋ, ಅಷ್ಟೊಂದ್ ಉಳ್ದಿತ್ತು..." ಅಜ್ಜ ಗೊಣಗ್ದ.

"ಬೆಳಿಗ್ಗೆ ಉಪ್ಪಿಟ್ಟೂ ಉಳ್ದಿದೆ," ಅಂದ್ಲು ಅಜ್ಜಿ. "ಬಿಸಿ ಮಾಡ್ಲಾ?"