ನಿಕನೋರಾ ಬೀಗದಕೈ ಒಪ್ಪಿಸಲು ಹೋದದ್ದು

ಯುಕುನಾ ಊರಿನ ಸಭೆಯಲ್ಲಿ ಯಾರ ಹೆಸರು ಕೂಗಿದರೋ ಅವರು ಎದ್ದು ನಿಂತು ತಲೆಬಾಗಬೇಕು, ಅಷ್ಟೇ. ಸಂಬಳ ಕೇಳುವಂತಿಲ್ಲ, ಸಬೂಬು ಹೇಳುವಂತಿಲ್ಲ. ಒಬ್ಬನಿಗೆ ಇಗರ್ಜಿಯ ಗಂಟೆ, ಒಬ್ಬನಿಗೆ ನೀರಿನ ಕೊಳವೆ, ಮತ್ತೊಬ್ಬನಿಗೆ ಗಡಿಕಲ್ಲು ಕಾಯುವ ಕೆಲಸ. ನಿಕನೋರಾಳ ಪಾಲಿಗೆ ಬಂದದ್ದು ಮ್ಯೂಸಿಯಂ. ಗಂಡಸಿಲ್ಲದ ಮನೆ, ಮದುವೆಯಾಗದ ಹೆಂಗಸು, ಓದಲು ಬರೆಯಲು ಬರುತ್ತದೆ. ಸಭೆಗೆ ಇನ್ನೇನು ಬೇಕು? ಒಂದು ವರ್ಷದ ಮಟ್ಟಿಗೆ ಎಂದು ಹೆಗಲಿಗೇರಿಸಿದ್ದು ಈಗ ಮೂರಾಗಿತ್ತು. ತಪ್ಪಿಸಿಕೊಂಡು ಓಡಿದವರ ಗತಿ ಎಲ್ಲರಿಗೂ ಗೊತ್ತು. ಅವರ ಮನೆಯ ನೀರು ನಿಲ್ಲಿಸುತ್ತಾರೆ, ಊರ ಸ್ಮಶಾನದಲ್ಲಿ ಜಾಗ ಕೊಡುವುದಿಲ್ಲ, ಊರ ಪಟ್ಟಿಯಲ್ಲಿದ್ದ ಹೆಸರನ್ನೇ ಅಳಿಸಿಬಿಡುತ್ತಾರೆ.

ಮ್ಯೂಸಿಯಂ ಎಂದರೆ ಪಂಚಾಯತಿ ಕಟ್ಟಡಕ್ಕೆ ಅಂಟಿಕೊಂಡ ಎರಡು ಕೋಣೆ. ಒಂದರಲ್ಲಿ ಉಳುವಾಗ ನೇಗಿಲಿಗೆ ಸಿಕ್ಕ ಮಡಕೆ, ಕಲ್ಲಿನ ತಲೆ, ಮೂಳೆ. ಇನ್ನೊಂದರಲ್ಲಿ ಮನೆಮನೆಯವರು ಕೊಟ್ಟ ಹಳೆಯ ಮಗ್ಗ, ಪಟಗಳು, ಕುಣಿತದ ಮುಖವಾಡಗಳು, ಗೋಡೆಯ ತುಂಬ ಊರ ಹುಡುಗರು ಬರೆದ ಚಿತ್ರಗಳು. ನೋಡಲು ಯಾವಾಗ ಯಾರು ಬರುತ್ತಾರೋ ಹೇಳಲಾಗದು. ಆದ್ದರಿಂದ ಬೀಗದಕೈ ಸೊಂಟಕ್ಕೆ ಬಿದ್ದವಳು ಊರು ಬಿಟ್ಟು ಕದಲುವಂತಿಲ್ಲ. ಸಂತೆಗೆ ಹೋದರೆ ಆಕ್ಷೇಪಣೆ, ಹೊಳೆಗೆ ಬಟ್ಟೆ ಒಗೆಯಲು ಹೋದರೂ ಹಿಂದೆಯೇ ಕರೆ. ಉಸಿರುಗಟ್ಟಿ ಓಡಿಬಂದು ಬಾಗಿಲು ತೆಗೆದರೆ ಬಂದ ಮಹಾರಾಯರು ಮಡಕೆಗಳ ಮೇಲೊಮ್ಮೆ ಕಣ್ಣಾಡಿಸಿ, ಪಾಯಿಖಾನೆ ಎಲ್ಲಿ ಎಂದು ಕೇಳುತ್ತಿದ್ದರು.

ಅವಳಿಗೆ ಊರಾಚೆಯ ಗಾಳಿ ಸಿಗುತ್ತಿದ್ದದ್ದು ಒಂದೇ ನೆಪದಲ್ಲಿ. ಆ ಗುಡ್ಡಸೀಮೆಯಲ್ಲಿ ಸುಮಾರು ಊರುಗಳಿಗೆ ಇಂಥವೇ ಪುಟ್ಟ ಮ್ಯೂಸಿಯಂಗಳಿದ್ದವು. ಕಾಯುವವರು ಆಗಾಗ ಲಾರಿಯ ಹಿಂಭಾಗದಲ್ಲಿ ನಿಂತು ಒಬ್ಬರ ಊರಿಗೆ ಒಬ್ಬರು ಹೋಗಿಬರುತ್ತಿದ್ದರು. ಹೋದಲ್ಲೆಲ್ಲ ಬಿಸಿ ಚಾಕೊಲೇಟು, ಬ್ರೆಡ್ಡು, ಒಣಮೆಣಸು ಅರೆದು ಮಾಡಿದ ಮೋಲೆ ಎಂಬ ಕೋಳಿಸಾರು, ಮತ್ತೆ ನಮ್ಮೂರ ಕಲ್ಲೇ ಹಳೆಯದು ಎಂಬ ಜಂಬ. ಹಾಗೆ ಪಿಯೆದ್ರಾ ಆಲ್ತಾ ಊರಿಗೆ ಹೋದಾಗ ಅಲ್ಲಿನ ಬೀಗದಕೈ ಹಿಡಿದಿದ್ದವನು ಅಬುಂದಿಯೋ. ಹೆಂಡತಿ ತೀರಿಕೊಂಡವನು, ಇಬ್ಬರು ಹೆಣ್ಣುಮಕ್ಕಳ ತಂದೆ.

"ಇದು ಜಿಂಕೆ ಅಂತಾರೆ," ಎಂದು ಅವನು ಒಂದು ಕಲ್ಲಿನ ಗೊಂಬೆ ತೋರಿಸಿದ. "ನನಗಂತೂ ನಾಯಿ ಥರ ಕಾಣುತ್ತೆ."

"ನಾಯಿನೇ," ಎಂದಳು ನಿಕನೋರಾ.

"ಮೆಲ್ಲಗೆ ಹೇಳಿ. ಜಿಂಕೆ ಅಂತ ಚೀಟಿ ಅಂಟಿಸಿ ಆಗಿದೆ, ಪಾದ್ರಿ ಬಂದು ತೀರ್ಥ ಬೇರೆ ಚಿಮುಕಿಸಿದಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಯಾವ ಊರಿಗೆ ಲಾರಿ ಹೊರಟರೂ ಅವನಿರುತ್ತಾನೋ ಎಂದು ಮೊದಲು ನೋಡುವುದೇ ಅಭ್ಯಾಸವಾಯಿತು. ಅವನೂ ಅಷ್ಟೇ. ಬೇರೆಯವರು ಹಳೆಯ ತೊಟ್ಟಿಲು, ಬಂದೂಕು ನೋಡುತ್ತಿದ್ದರೆ ಇವರಿಬ್ಬರೂ ಕಿಟಕಿಯ ಹತ್ತಿರ ನಿಂತು ಜೋಳದ ಬೆಳೆ, ಮಕ್ಕಳ ಕೆಮ್ಮು ಅಂತ ಮಾತಾಡುತ್ತಿದ್ದರು. ಮತ್ತೊಮ್ಮೆ ಪಿಯೆದ್ರಾ ಆಲ್ತಾಕ್ಕೆ ಹೋದಾಗ ಅವನು ಗೋಡೆಯ ಮೇಲಿನ ಚಿತ್ರವೊಂದರ ಮುಂದೆ ಅವಳನ್ನು ನಿಲ್ಲಿಸಿದ.

"ಆ ಕೆಂಪು ಹೆಂಚಿನ ಮನೆ ಕಾಣುತ್ತಲ್ಲ, ಅದು ನಂದು."

"ಚೆನ್ನಾಗಿದೆ."

"ಒಳಗೆ ಅಷ್ಟು ಚೆನ್ನಾಗಿಲ್ಲ. ಬಂದು ಸರಿಮಾಡ್ತೀರಾ?"

ಮೂವತ್ತೆಂಟು ವಯಸ್ಸಿನ ನಿಕನೋರಾ ಕೆಂಪಾಗಿ, ಸರಿ ಎಂದಳು. ಅವಳ ಎದೆಯೊಳಗೆ ಅಷ್ಟು ಸುಖ ಎಂದೂ ಆಗಿರಲಿಲ್ಲ.

ಆದರೆ ಬೀಗದಕೈ ಇಳಿಯದೆ ಹೊರಗೆ ಕಾಲಿಡುವ ಹಾಗಿಲ್ಲವಲ್ಲ. ಅಬುಂದಿಯೋನನ್ನು ಅವನ ಊರು ಹೋದ ವರ್ಷವೇ ಬಿಟ್ಟಿತ್ತು. ಯುಕುನಾ ಮಾತ್ರ ಇವಳನ್ನೇ ಮತ್ತೆ ಕೂಗಿತು. ಈ ಸಲ ಅವನು ನೇರವಾಗಿ ಹೇಳಿದ್ದ: "ಮಕ್ಕಳನ್ನ ನನ್ನಕ್ಕ ಇನ್ನು ನೋಡ್ಕೊಳ್ಳಲ್ಲವಂತೆ. ನನಗೆ ಬೇರೆ ಹೆಣ್ಣು ಕೂಡ ನೋಡಿಟ್ಟಿದಾಳೆ. ಡಿಸೆಂಬರ್ ಸಭೇಲಿ ಬಿಡಿಸ್ಕೊಂಡು ಬಾ ನಿಕಾ. ಇನ್ನೊಂದು ವರ್ಷ ನನ್ನ ಕೈಲಾಗಲ್ಲ."

ಅವಳು ಪಂಚಾಯತಿಯ ಅಧ್ಯಕ್ಷ ದೋನ್ ತಿಬುರ್ಸಿಯೋನ ಮನೆಗೆ ಹುಂಜ ಹಿಡಿದುಕೊಂಡು ಹೋಗಿ ಬೇಡಿಕೊಂಡಳು. ಮದುವೆಯ ಸುದ್ದಿ ಎತ್ತಲಿಲ್ಲ. ಹೊರಗೆ ಕೊಡುವ ಹೆಣ್ಣೆಂದರೆ ಊರಿಗೆ ಹೊಟ್ಟೆಯುರಿ. ಸೊಂಟನೋವು ಎಂದಳು. ಈ ಸಲ ಬಡಗಿ ಬಸೀಲಿಯೋನನ್ನು ಹೆಸರಿಸೋಣ ಎಂದು ಅವನು ಒಪ್ಪಿದ. ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ಮನೆಗೆ ಬಂದವಳಿಗೆ ಆಗ ಜ್ಞಾಪಕಕ್ಕೆ ಬಂತು, ಮುಖವಾಡ.

ತೀರಿಕೊಂಡವರು ವರ್ಷಕ್ಕೊಮ್ಮೆ ಮನೆಗೆ ಬಂದುಹೋಗುವ ಸತ್ತವರ ಹಬ್ಬದಲ್ಲಿ ಪ್ರಿಸ್ಕಾ ಅಜ್ಜಿ ಮ್ಯೂಸಿಯಂಗೆ ಬಂದಿದ್ದಳು. ಅವಳ ತೀರಿಹೋದ ಗಂಡ ಕಾರ್ನಿವಲ್ಲಿನಲ್ಲಿ ಮುದುಕನ ವೇಷ ಕಟ್ಟಿ ಜೀವಮಾನವಿಡೀ ಕುಣಿದ ಮುಖವಾಡ ಅಲ್ಲಿತ್ತು. ಮನೆಗೆ ಬರುವ ಗಂಡನಿಗೆ ತನ್ನ ಮುಖ ಕಾಣದಿದ್ದರೆ ದಾರಿ ತಪ್ಪುತ್ತದೆ, ಹಬ್ಬದ ಮಟ್ಟಿಗೆ ಕೊಡು ಎಂದು ಕೇಳಿದಳು. ಒಳಗಿನ ವಸ್ತು ಹೊಸಿಲು ದಾಟಬಾರದೆಂಬುದು ಊರ ಕಟ್ಟು. ನಿಕನೋರಾ ಹಿಂದುಮುಂದು ನೋಡದೆ ಅದನ್ನು ಶಾಲಿನಲ್ಲಿ ಸುತ್ತಿ ಕೊಟ್ಟುಬಿಟ್ಟಳು. ಹಬ್ಬ ಮುಗಿಯಿತು, ಗೊಂಡೆಹೂವು ಬಾಡಿತು, ಮುಖವಾಡ ಮಾತ್ರ ಬರಲಿಲ್ಲ.

ಅವಳು ಕೇಳಿಕೊಂಡು ಹೋದಾಗಲೆಲ್ಲ ಅಜ್ಜಿ ಮುಖವಾಡ ಇಟ್ಟಿದ್ದ ಪೂಜೆಯ ಮೇಜಿಗೆ ಅಡ್ಡ ನಿಲ್ಲುತ್ತಿದ್ದಳು.

"ಇನ್ನೂ ಹೋಗಿಲ್ಲ ಮಗಳೇ ಅವರು. ಬೆಳಿಗ್ಗೆ ಕಾಫಿ ಇಟ್ರೆ ಕಮ್ಮಿ ಆಗಿರುತ್ತೆ."

"ಬೆಕ್ಕು ಕುಡೀತಿದೆ ಅಜ್ಜಿ."

"ಬೆಕ್ಕು ಕಾಫಿ ಕುಡಿಯುತ್ತಾ? ಏನಾದ್ರೂ ಹೇಳ್ತೀಯ."

"ನಾಳಿದ್ದು ಸಭೆ. ಒಂದೊಂದೂ ಎಣಿಸಿ ಒಪ್ಪಿಸಬೇಕು. ಒಂದು ಕಮ್ಮಿ ಆದ್ರೂ ನನ್ನನ್ನ ಬಿಡಲ್ಲ."

"ಮ್ಯೂಸಿಯಂಗೆ ಬೇಕು ಅಂತ ಅವತ್ತು ಊರವರೆಲ್ಲ ಬಾಗಿಲಿಗೆ ಬಂದು ಕೇಳಿದ್ರು. ಇಲ್ಲ ಅನ್ನೋಕಾಗುತ್ತಾ? ಕೊಟ್ಟೆ. ಕೊಟ್ಟ ಮೇಲೆ ಒಂದು ದಿನ ನಿದ್ದೆ ಮಾಡಿಲ್ಲ." ಅಜ್ಜಿ ಅಳತೊಡಗಿದಳು.

ನಿಕನೋರಾಳಿಗೆ ಅಳು ಬರಲಿಲ್ಲ, ರೇಗಿತು. ತಾನೂ ಹಾಗೇ ಅಲ್ಲವೇ, ಇಲ್ಲ ಎನ್ನಲು ಬಾಯಿ ಬರದೆ ಮೂರು ವರ್ಷ ಸವೆಸಿದವಳು. ಸತ್ತ ಗಂಡನಿಗಾಗಿ ಈ ಮುದುಕಿ ತನ್ನ ಬದುಕಿರುವ ಗಂಡಸನ್ನು ಕಳೆಯುತ್ತಿದ್ದಾಳೆ. ಮನೆಗೆ ಹೋಗುವ ದಾರಿಯಲ್ಲೇ ಅವಳು ಗಟ್ಟಿ ಮನಸ್ಸು ಮಾಡಿದಳು. ಸಭೆಯಲ್ಲಿ ಅಜ್ಜಿಯ ಹೆಸರು ಹೇಳಿಬಿಡುವುದು. ಪಂಚಾಯತಿಯ ಕಾವಲಿನವರು ಮನೆಗೆ ನುಗ್ಗಿ ಕಿತ್ತು ತರಲಿ. ಮುದುಕಿಯ ಮಾನ ಹೋದರೆ ಹೋಯಿತು.

ಭಾನುವಾರ ಪೂಜೆ ಮುಗಿಸಿಕೊಂಡು ಊರೆಲ್ಲ ಅಂಗಳದಲ್ಲಿ ಸೇರಿತು. ಅಬುಂದಿಯೋ ತನ್ನ ಹಳೆಯ ಟ್ರಕ್ಕು ತಂದು ಗೇಟಿನ ಆಚೆ ನಿಲ್ಲಿಸಿಕೊಂಡಿದ್ದ. ಪರವೂರವನಾದ್ದರಿಂದ ಒಳಗೆ ಬರುವಂತಿರಲಿಲ್ಲ. ದೋನ್ ತಿಬುರ್ಸಿಯೋ ಮಾತಿಗೆ ತಪ್ಪದೆ ಬಸೀಲಿಯೋನ ಹೆಸರು ಕೂಗಿದ. ಬಸೀಲಿಯೋ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಎದ್ದು ತಲೆಬಾಗಿದ. ನಿಕನೋರಾ ಮ್ಯೂಸಿಯಂ ಬಾಗಿಲು ತೆಗೆದು ಬೀಗದಕೈಯನ್ನು ಅಧ್ಯಕ್ಷನ ಕೈಗೆ ಕೊಟ್ಟಳು.

ಇನ್ನು ಒಪ್ಪಿಸುವ ಶಾಸ್ತ್ರ. ಹೋಗುವವಳು ಒಂದೊಂದು ವಸ್ತುವನ್ನೂ ಯಾವ ಮನೆಯದೆಂದು ಹೇಳಬೇಕು, ಬರುವವನು ಅದರ ಮೇಲೆ ಅಂಗೈ ಇಡಬೇಕು. ಕೊನೆಯದರ ಮೇಲೆ ಕೈ ಇಡುವವರೆಗೆ ಯಾವ ನೇಮಕವೂ ಗಟ್ಟಿಯಲ್ಲ. ಜನ ಬಾಗಿಲಲ್ಲಿ, ಕಿಟಕಿಯಲ್ಲಿ ಒತ್ತಿಕೊಂಡು ನಿಂತರು. ಮಡಕೆ ಆಯಿತು, ಮಗ್ಗ ಆಯಿತು, ಪಟಗಳಾದವು. ಮುಖವಾಡಗಳ ಗೋಡೆಗೆ ಬಂದಾಗ ಖಾಲಿ ಮೊಳೆ ಕಂಡದ್ದೇ ಬಸೀಲಿಯೋನ ಮುಖಕ್ಕೆ ಕಳೆ ಬಂತು.

"ಇಲ್ಲೊಂದಿತ್ತಲ್ಲ," ಎಂದ. "ಎಲ್ಲಿ?"

ನಿಕನೋರಾ ಅಜ್ಜಿಯ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜನರ ನಡುವಿನಿಂದ ಪ್ರಿಸ್ಕಾ ಅಜ್ಜಿಯೇ ನುಗ್ಗಿಕೊಂಡು ಬಂದಳು. ಶಾಲಿನೊಳಗಿಂದ ಮುಖವಾಡ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನನ್ನ ಹತ್ರ ಇತ್ತು. ಕೊಟ್ರೆ ಅವರು ಹೊರಟುಹೋಗ್ತಾರೆ ಅಂತ ಹೆದರಿ ಇಟ್ಕೊಂಡಿದ್ದೆ. ಇವಳನ್ನ ಯಾರೂ ಬೈಬೇಡಿ. ನಾನು ಕೇಳ್ದೆ, ಇವಳು ಕೊಟ್ಲು. ಊರ ಕಟ್ಟಿಗಿಂತ ನನ್ನ ಗಂಡ ದೊಡ್ಡೋನು ಅಂತ ಕೊಟ್ಲು. ಎಷ್ಟೋ ಜನ ಈ ಬೀಗ ಕಾದ್ರು. ನಮ್ಮ ಸತ್ತೋರು ಇದರೊಳಗಿದಾರೆ ಅಂತ ತಿಳಿದೋಳು ಇವಳೊಬ್ಬಳೇ."

ಮೂಲೆಯಲ್ಲಿ ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು. ತಂದೆಯ ಪಟ ಕೊಟ್ಟಿದ್ದವನೊಬ್ಬ ಟೋಪಿ ತೆಗೆದ. ಬಸೀಲಿಯೋ ಸಮಯ ನೋಡಿಕೊಂಡು ಕೈ ಹಿಂದಕ್ಕೆಳೆದ.

"ನೋಡ್ರಪ್ಪ, ನಾನು ಶವಪೆಟ್ಟಿಗೆ ಮಾಡೋನು. ಸತ್ತೋರನ್ನ ಕಳಿಸೋದು ಗೊತ್ತು, ಇಟ್ಕೊಳ್ಳೋದು ಗೊತ್ತಿಲ್ಲ. ಇಂಥೋಳನ್ನ ಬಿಟ್ಟು ನನ್ನ ಕೈಗೆ ಕೊಡ್ತೀರಾ?"

"ಬ್ಯಾಡ," ಎಂದಿತು ಜನ. "ನಿಕನೋರಾನೇ ಇರಲಿ." ಚಪ್ಪಾಳೆ ಬಿತ್ತು. ಅವಳ ಸೊಂಟನೋವಿಗೆ ಕೂರಲೊಂದು ಕುರ್ಚಿ ಮಾಡಿಕೊಡುತ್ತೇನೆಂದು ಬಸೀಲಿಯೋ ಅಲ್ಲೇ ಹರಕೆ ಹೊತ್ತ.

"ನಾನು ಮದುವೆ ಆಗ್ತಿದೀನಿ," ಎಂದಳು ನಿಕನೋರಾ. "ಪಿಯೆದ್ರಾ ಆಲ್ತಾಗೆ ಹೋಗ್ತೀನಿ. ಅವರು ಗೇಟಿನ ಹತ್ರ ನಿಂತಿದಾರೆ."

ಸಿಟ್ಟು ಬರಬಹುದೆಂದು ಅವಳು ಕಾದಳು. ಬಂದದ್ದು ಸಂಭ್ರಮ. ಗುಟ್ಟಾಗಿ ಗಂಡು ಹಿಡಿದಿದ್ದಾಳೆ ಕಳ್ಳಿ ಎಂದು ನಕ್ಕರು, ಅಬುಂದಿಯೋನನ್ನು ಕೈಹಿಡಿದು ಒಳಗೆ ಕರೆತಂದರು.

"ನೀವೇ ಇಲ್ಲಿಗೆ ಬಂದ್ಬಿಡಿ," ಎಂದ ದೋನ್ ತಿಬುರ್ಸಿಯೋ. "ಹೊಲ ಕೊಡ್ತೀವಿ. ಮಕ್ಕಳಿಗೆ ಶಾಲೆ ಇದೆ. ಮ್ಯೂಸಿಯಂ ಕೆಲಸ ಬಲ್ಲೋರು ಬೇರೆ, ಇಬ್ರೂ ಸೇರಿ ನೋಡ್ಕೊಳ್ಳಿ."

ಅಬುಂದಿಯೋ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ನಾನು ಊರು ಬಿಟ್ರೆ ಅಲ್ಲಿ ನನ್ನ ಹೆಸರು ಹೊಡೆದುಹಾಕ್ತಾರೆ ಯಜಮಾನ್ರೇ. ನನ್ನ ಹೆಂಡತಿ ಮಣ್ಣಾಗಿರೋದು ಅಲ್ಲಿ." ಆಮೇಲೆ ನಿಕನೋರಾಳ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಗಾಡಿ ಹೊರಗಿದೆ. ಈಗ್ಲೇ ಬರ್ತೀಯಾ?"

ಜನ ದಾರಿ ಬಿಟ್ಟು ನಿಂತಿದ್ದರು. ಯಾರೂ ಅವಳ ಕೈ ಹಿಡಿದಿರಲಿಲ್ಲ. ಒಬ್ಬರಾದರೂ ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ, ಅವಳು ಮನೆ, ನೀರು, ಅಪ್ಪ ಅಮ್ಮನ ಸಮಾಧಿ ಎಲ್ಲ ಬಿಟ್ಟು ಟ್ರಕ್ಕು ಹತ್ತಿಬಿಡುತ್ತಿದ್ದಳು. ಎಲ್ಲರೂ ಅಕ್ಕರೆಯಿಂದ ನೋಡುತ್ತಿದ್ದರು. ಅವಳ ಕಾಲು ಏಳಲಿಲ್ಲ.

"ಮಕ್ಕಳನ್ನ ಕೇಳಿ ನೋಡ್ತೀನಿ," ಎಂದ ಅವನು ಕೊನೆಗೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಟ್ರಕ್ಕಿನ ಸದ್ದು ಗುಡ್ಡದ ತಿರುವು ದಾಟಿ ಹೋಗುವವರೆಗೆ ಅವಳು ಕೇಳಿಸಿಕೊಂಡಳು. ಅಷ್ಟರಲ್ಲಿ ದೋನ್ ತಿಬುರ್ಸಿಯೋ ಬೀಗದಕೈಯನ್ನು ಅವಳ ಮುಂದೆ ಹಿಡಿದ. ಅವಳು ವಾಡಿಕೆಯಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆಬಾಗಿದಳು.

ಪ್ರಿಸ್ಕಾ ಅಜ್ಜಿ ಪಕ್ಕಕ್ಕೆ ಬಂದು ಅವಳ ತೋಳು ಸವರಿದಳು. ಮುದುಕಿಯ ಮುಖದಲ್ಲಿ ಹೊಸ ಗೆಲುವಿತ್ತು.

"ರಾತ್ರಿಯೆಲ್ಲ ಯೋಚನೆ ಮಾಡ್ದೆ ಮಗಳೇ. ನನ್ನಿಂದ ನಿನ್ನ ಮಾನ ಹೋಗಬಾರದು ಅಂತ. ಉಳಿಸಿದೆ ತಾನೆ?"

"ಉಳಿಸಿದ್ರಿ ಅಜ್ಜಿ," ಎಂದಳು ನಿಕನೋರಾ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."