ಕೊಂಗಲ ಕೆರೆಗೆ ಬಾಗಿನ ತಂದವರು

ಭಾನುವಾರ ಬಂದರೆ ಹೈದರಾಬಾದಿನ ಗದ್ದಲ ಬಿಟ್ಟು ಎಲ್ಲಾದರೂ ಹೋಗೋಣ ಅನ್ನಿಸುತ್ತದಲ್ಲವೇ? ಕೊಂಗಲ ಕೆರೆಗೆ ಬನ್ನಿ. ಬರಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ಆದರೆ ಬರುವ ಮೊದಲು ಇದನ್ನು ಓದಿಕೊಂಡು ಬನ್ನಿ. ಪ್ರತಿ ವಾರ ದಡದ ಮೇಲೆ ನಿಂತು ಹೇಳಿದ್ದನ್ನೇ ಹೇಳಿ ನನ್ನ ಗಂಟಲು ಒಣಗಿಹೋಗಿದೆ.

ನನ್ನ ಹೆಸರು ಶಂಕ್ರಮ್ಮ. ಯಾದಗಿರಿ ಕಡೆಯವಳು. ಗಂಡ ಬೂದೆಪ್ಪನ ಜೊತೆ ಮಣ್ಣಿನ ಕೆಲಸಕ್ಕೆಂದು ಇಲ್ಲಿಗೆ ಬಂದು ಹತ್ತು ವರ್ಷದ ಮೇಲಾಯಿತು. ಈಗ ಪಟ್ಟಣದ ಹಕ್ಕಿ ನೋಡುವವರ ಗುಂಪಿನವರು ನನ್ನನ್ನು ಕೆರೆ ತೋರಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ನಾನು ಬಾಯಲ್ಲಿ ಹೇಳಿದ್ದನ್ನು ಕನ್ನಡ ಸಂಘದ ತಾರಾ ಟೀಚರು ಬರೆದುಕೊಂಡಿದ್ದಾರೆ. ಎಲ್ಲರಿಗೂ ತಿಳಿಯಲಿ ಎಂದು ನನ್ನ ಮಾತನ್ನು ತಿದ್ದಿದ್ದಾರೆ, ಬೈಗುಳವನ್ನು ತೆಗೆದಿದ್ದಾರೆ. ಒಂದೆರಡು ಇದ್ದಿದ್ದರೆ ನೀವು ಇನ್ನೂ ಬೇಗ ಕೇಳುತ್ತಿದ್ದಿರಿ ಎಂದು ನನಗೆ ಅನ್ನಿಸುತ್ತದೆ.

ಕೆರೆ ದೊಡ್ಡದು. ಮೂರು ಕಡೆ ಜೊಂಡು ಬೆಳೆದಿದೆ, ಒಂದು ಕಡೆ ಬಂಡೆ. ಬೇಲಿಯಿಲ್ಲ, ಮೆಟ್ಟಿಲಿಲ್ಲ, ದೋಣಿಯಿಲ್ಲ, ಐಸ್‌ಕ್ರೀಮಿನ ಗಾಡಿಯೂ ಇಲ್ಲ. ಚಳಿಗಾಲದಲ್ಲಿ ಹೊತ್ತು ಹುಟ್ಟುವ ಮೊದಲೇ ಬಂದು ಬಂಡೆಯ ಮೇಲೆ ಸುಮ್ಮನೆ ಕುಳಿತರೆ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ದೂರದೇಶದ ಬಾತುಗಳು ಎಲ್ಲ ಕಾಣುತ್ತವೆ. ಒಂಬತ್ತು ಗಂಟೆಗೆ ಬಂದು ಕಾರಿನ ಬಾಗಿಲು ತೆರೆದು ಹಾಡು ಹಾಕಿದರೆ ನಾನೊಬ್ಬಳೇ ಕಾಣುತ್ತೇನೆ.

ಬಂದವರು ಮೊದಲು ಕೇಳುವುದು ಒಂದೇ ಮಾತು. "ಇದರಲ್ಲಿ ಮೊಸಳೆ ಇದೆಯಾ?"

"ಇಲ್ರಿ" ಎನ್ನುತ್ತೇನೆ. ಅಷ್ಟು ಸಾಕು, ಪ್ಯಾಂಟು ಮಡಚಿಕೊಂಡು ನೀರಿಗೆ ಹೊರಡುತ್ತಾರೆ. ಇದೆ ಎಂದು ಸುಳ್ಳು ಹೇಳಿಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ದಣಿದ ದಿನ ಒಂದೆರಡು ಸಲ ಹೇಳಿಯೂ ಇದ್ದೇನೆ.

ಹೋದ ವರ್ಷದ ಮಾತು. ಮಳೆ ಚೆನ್ನಾಗಿ ಬಿದ್ದು ಕೆರೆ ತುಂಬಿ ಕೋಡಿ ಹರಿದಿತ್ತು. ದಸರೆ ಮುಗಿದ ಮೊದಲ ಭಾನುವಾರ ಪಟ್ಟಣದ ನಾರಾಯಣಗೂಡದಿಂದ ಒಂದು ವ್ಯಾನು ಬಂತು. ಐವರು ಹೆಂಗಸರು ಇಳಿದರು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಎಲ್ಲರ ಕೈಯಲ್ಲೂ ಒಂದೊಂದು ಬಾಗಿನ. ಎರಡು ಮೊರಗಳನ್ನು ಒಂದರ ಮೇಲೊಂದು ಮುಚ್ಚಿ, ಒಳಗೆ ಅರಿಶಿನ ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆ ಬಟ್ಟೆ, ಬೇಳೆ ಬೆಲ್ಲ ತುಂಬಿ ಕಟ್ಟಿದ್ದರು. ಕೆರೆ ತುಂಬಿದರೆ ಗಂಗಮ್ಮನನ್ನು ಮನೆಯ ಮುತ್ತೈದೆ ಎಂದು ತಿಳಿದು ಹೀಗೆ ಬಾಗಿನ ಕೊಡುವುದು ಮೈಸೂರು ಕಡೆಯವರ ಪದ್ಧತಿ.

ಮುಂದೆ ನಿಂತವರು ವೇದವತಿ ಅಮ್ಮನವರು. ಅರವತ್ತರ ಹತ್ತಿರದವರು, ಊರು ಮಂಡ್ಯದ ಕಡೆ. ಅವರ ಮಗ ಭರತ ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ವ್ಯಾನು ಓಡಿಸಿಕೊಂಡು ಬಂದವನು ಅವನೇ. ಪಕ್ಕದಲ್ಲಿ ಸೊಸೆ ಸಿಂಚನಾ, ಹಿಂದೆ ಅವರ ಬೀದಿಯ ಮೂವರು.

"ಇಲ್ಲಿ ಗೈಡ್ ಯಾರಮ್ಮ?" ಎಂದರು.

"ನಾನ ರೀ ಅಮ್ಮಾರ."

"ಬಾಗಿನ ಕೊಡೋಕೆ ಬಂದಿದ್ದೀವಿ. ಎಲ್ಲಿ ಇಳಿಯೋದು, ತೋರಿಸು."

"ಎಲ್ಲೂ ಇಳಿಯಂಗಿಲ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಮ್ಮಾ ಹೀಗಂತೀಯಾ? ನಮ್ಮೂರ ಕೆರೇಲಿ ಮೂವತ್ತು ವರ್ಷ ಸೊಂಟದ ತನಕ ಇಳಿದು ಬಾಗಿನ ಕೊಟ್ಟೋಳು ನಾನು. ನೀನು ನನಗೆ ಕೆರೆ ಹೇಳಿಕೊಡ್ತೀಯಾ?"

"ನಿಮ್ಮೂರ ಕೆರಿ ನನಗ ಗೊತ್ತಿಲ್ರಿ. ಈ ಕೆರಿ ನಿಮಗ ಗೊತ್ತಿಲ್ಲ."

"ಕೆರೆ ಅಂದಮೇಲೆ ಕೆರೆ ಕಣಮ್ಮ. ಕಾಲು ಮುಳುಗುತ್ತೆ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಅಲ್ಲಿಗೆ ನಿಂತ್ಕೊಂಡ್ರೆ ಆಯ್ತು. ನಾವೇನು ಮಕ್ಕಳಾ?"

ಭರತ ನಕ್ಕ. "ಅಮ್ಮ, ಇವರಿಗೆ ಏನಾದರೂ ಕೊಟ್ಟರೆ ದಾರಿ ತೋರಿಸ್ತಾರೆ ಬಿಡು" ಎಂದು ಜೇಬಿಗೆ ಕೈ ಹಾಕಿದ.

ನನಗೆ ಉರಿಯಿತು. ನಿಜ ಹೇಳುತ್ತೇನೆ, ಹೋಗಿ ಸಾಯಿರಿ ಎಂಬ ಮಾತು ತುಟಿಯ ತನಕ ಬಂದಿತ್ತು. ಎಷ್ಟು ವರ್ಷ, ಎಷ್ಟು ಜನ, ಎಲ್ಲರಿಗೂ ಇದೇ ಅನುಮಾನ. ಇಲ್ಲಿದ್ದ ಎಚ್ಚರಿಕೆಯ ಬೋರ್ಡನ್ನು ಯಾರೋ ಸೌದೆಗೆ ಕಿತ್ತುಕೊಂಡು ಹೋಗಿದ್ದರು. ಇದ್ದಾಗಲಾದರೂ ಯಾರು ಓದುತ್ತಿದ್ದರು? ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ನೀರಿಗೆ ಇಳಿಯುತ್ತಿದ್ದರು.

ನಾನು ಬಾಯಿ ಮುಚ್ಚಿಕೊಂಡಿದ್ದೇ ಅವರಿಗೆ ಒಪ್ಪಿಗೆಯಂತೆ ಕಂಡಿತು. ಐವರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಕಂಕುಳಲ್ಲಿ ಮೊರ. ಗಂಗಮ್ಮನ ಹಾಡು ಶುರು ಮಾಡಿ ಸಾಲಾಗಿ ನೀರಿಗೆ ಕಾಲಿಟ್ಟರು. ಪಾದ ಮುಳುಗಿತು. ಸೀರೆಯ ಅಂಚು ನೀರಲ್ಲಿ ತೇಲಿತು.

ಕೈ ಕೈ ಹಿಡಿದಿದ್ದಾರೆ. ಒಬ್ಬರು ಹೋದರೆ ಐವರೂ ಹೋಗುತ್ತಾರೆ. ದಡದಲ್ಲಿ ಇಟ್ಟುಕೊಂಡಿದ್ದ ಬಿದಿರು ಗಳ ಎತ್ತಿಕೊಂಡು ಓಡಿದೆ.

"ನಿಲ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಒಂದಽ ಹೆಜ್ಜಿ ಮುಂದ ಇಡಬ್ಯಾಡ್ರಿ!"

ನನ್ನ ಕೂಗಿಗೆ ಜೊಂಡಿನೊಳಗಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಹೆಂಗಸರು ನಿಂತರು. ವೇದವತಿ ಅಮ್ಮನವರ ಮುಖ ಕೆಂಪಾಗಿತ್ತು.

"ಶುಭಕಾರ್ಯದಲ್ಲಿ ಏನು ನಿನ್ನ ಕಿರುಚಾಟ?"

"ಬೈರಿ, ಆಮ್ಯಾಲೆ ಬೈರಿ. ಮೊದಲ ಈ ಗಳ ಹಿಡೀರಿ. ಒಂದು ಮಾರು ಮುಂದ ಊರಿ ನೋಡ್ರಿ. ನೆಲ ಸಿಕ್ರ ಹೋಗ್ರಿ, ನಾ ಮಾತಾಡಂಗಿಲ್ಲ."

ನನ್ನ ಬಾಯಿ ಮುಚ್ಚಿಸಲೆಂದೇ ಅವರು ಮೊರವನ್ನು ಸೊಸೆಗೆ ಕೊಟ್ಟು ಗಳ ಹಿಡಿದರು. ಮುಂದಕ್ಕೆ ಚಾಚಿ ಊರಿದರು. ಗಳ ಇಳಿಯಿತು. ಇನ್ನೂ ಇಳಿಯಿತು. ನನ್ನ ಎತ್ತರದ ಮೇಲೆ ಇನ್ನರ್ಧ ಆಳು ಉದ್ದದ ಗಳ ಅದು, ಅವರ ಮೊಣಕೈ ನೀರಿಗೆ ತಾಗಿದರೂ ನೆಲ ಸಿಗಲಿಲ್ಲ. ಊರಿದ ಭಾರಕ್ಕೆ ಅವರೇ ಮುಂದಕ್ಕೆ ಮುಗ್ಗರಿಸಿದರು. ನಾನು ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದೆ. ಇಬ್ಬರೂ ಕೆಸರಿನಲ್ಲಿ ಕುಕ್ಕರಿಸಿ ಬಿದ್ದೆವು.

ಹಾಡು ನಿಂತಿತ್ತು. ಸಿಂಚನಾ "ಅತ್ತೆ, ಬನ್ನಿ ಅತ್ತೆ, ಮೇಲೆ ಬನ್ನಿ" ಎಂದು ಅಳುತ್ತಿದ್ದಳು. ಭರತ ಬೂಟು ಕಾಲಲ್ಲೇ ಓಡಿ ಬಂದ. ಎಲ್ಲರೂ ಬಂಡೆ ಹತ್ತಿ ಕುಳಿತರು.

ವೇದವತಿ ಅಮ್ಮನವರೇ ಮೊದಲು ಕೇಳಿದರು. "ಪಾದ ಮುಳುಗೋ ನೀರು. ಮುಂದೆ ಹೆಂಗಮ್ಮ ಅಷ್ಟು ಆಳ?"

"ನಾವಽ ತೋಡಿದ್ದು ರೀ ಅಮ್ಮಾರ" ಎಂದೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪಟ್ಟಣದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳಲ್ಲಿ ಈ ಕೆರೆ ಒಣಗಿ ಬಿದ್ದಿತ್ತು. ತಗ್ಗು ತುಂಬಿಸಲು, ರಸ್ತೆ ಎತ್ತರಿಸಲು ಎಲ್ಲರಿಗೂ ಮಣ್ಣು ಬೇಕು. ಟಿಪ್ಪರುಗಳು ಸಾಲುಗಟ್ಟಿ ಬಂದವು. ಜೆಸಿಬಿ ಅಗೆಯುತ್ತಿತ್ತು, ಅಂಚಿನ ಮಣ್ಣನ್ನು ನಾವು ಸಲಿಕೆಯಿಂದ ಕೆತ್ತಿ ಬುಟ್ಟಿ ತುಂಬುತ್ತಿದ್ದೆವು. ಗುಂಡಿಗಳ ಗೋಡೆ ಬಾವಿಯ ಹಾಗೆ ನೆಟ್ಟಗೆ. ಒಂದಲ್ಲ ಎರಡಲ್ಲ, ಎಲ್ಲಿ ಒಳ್ಳೆಯ ಮಣ್ಣು ಸಿಕ್ಕಿತೋ ಅಲ್ಲೆಲ್ಲ ತೋಡಿದೆವು. ಆಮೇಲೆ ಒಂದು ವರ್ಷ ಮಳೆ ಬಂತು. ನೀರು ಬಂದು ಎಲ್ಲವನ್ನೂ ಸಮ ಮಾಡಿಬಿಟ್ಟಿತು. ಮೇಲಿಂದ ನೋಡಿದರೆ ಯಾವುದು ಮೊಣಕಾಲು ನೀರು, ಯಾವುದು ಗುಂಡಿ, ಒಂದೂ ತಿಳಿಯುವುದಿಲ್ಲ.

"ನೀವೇ ತೋಡಿದ್ದಲ್ವಾ? ಹಾಗಾದರೆ ಎಲ್ಲೆಲ್ಲಿ ಅಂತ ನಿಮಗೆ ಗೊತ್ತಿರಬೇಕಲ್ಲ" ಎಂದ ಭರತ. ಈ ಸಲ ನಗಲಿಲ್ಲ.

"ಅನ್ನಮ್ಮಗೂ ಗೊತ್ತಿತ್ರಿ."

ಅನ್ನಮ್ಮ ನನ್ನ ಗೆಳತಿ, ಪಕ್ಕದ ಗುಡಿಸಲಿನವಳು. ನಾವಿಬ್ಬರೂ ಒಂದೇ ಸಲಿಕೆ ಬುಟ್ಟಿಯಲ್ಲಿ ದುಡಿದವರು. ಮೊದಲ ಸಲ ಕೆರೆ ತುಂಬಿದ ವರ್ಷ ಒಂದು ಸಂಜೆ ಕೆಲಸದಿಂದ ಬರುವಾಗ "ತಡಿ, ಕಾಲು ತೊಳಕೊಂಡು ಬರ್ತೀನಿ" ಎಂದು ಇಳಿದಳು. "ಹುಷಾರ್, ಗುಂಡಿ ಅದಾವ" ಎಂದೆ. "ಏ, ನಾ ತೋಡಿದ ಗುಂಡಿ ನನಗ ಗೊತ್ತಿಲ್ಲೇನು? ಅದು ಆ ಕಡೆ ಐತಿ" ಎಂದು ಕೈ ತೋರಿಸಿದಳು. ಇನ್ನೊಂದು ಹೆಜ್ಜೆ ಇಟ್ಟಳು. ತೋರಿಸಿದ ಕೈ ಹಾಗೇ ಒಳಗೆ ಹೋಯಿತು.

ನನಗೆ ಈಜು ಬರುವುದಿಲ್ಲ. ಸೀರೆ ಬಿಚ್ಚಿ ಎಸೆದೆ, ಮುಟ್ಟಲಿಲ್ಲ. ಕೂಗಿದೆ, ಕೇಳುವವರು ಇರಲಿಲ್ಲ, ಗುಡಿಸಲುಗಳ ಕಡೆ ಓಡಿದೆ. ಬೂದೆಪ್ಪ ಮತ್ತು ಊರವರು ಬಂದು ಮೇಲೆ ತರುವ ಹೊತ್ತಿಗೆ ಕತ್ತಲಾಗಿತ್ತು. ನಾವು ತೋಡಿದ ಗುಂಡಿಯೇ ನನ್ನ ಗೆಳತಿಯನ್ನು ತಿಂದಿತು. ಹೊಟ್ಟೆಪಾಡಿಗೆ ತೋಡಿದೆವು, ಸರಿ. ಆದರೂ ಆ ಪಾಪ ನನ್ನ ಬೆನ್ನ ಮೇಲಿಂದ ಇಳಿಯುವುದಿಲ್ಲ. ಅದಕ್ಕೇ ಬೇರೆ ಕೆಲಸ ಬಿಟ್ಟು ಈ ದಡಕ್ಕೆ ಬಂದು ನಿಂತಿದ್ದೇನೆ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಹೇಳಿದಾಗಲೂ ಮೈಯೆಲ್ಲ ಸೋತು ಹೋಗುತ್ತದೆ.

ವೇದವತಿ ಅಮ್ಮನವರು ಕೆಸರು ಕೈಯನ್ನು ಒರೆಸಿಕೊಳ್ಳದೆ ಹಾಗೇ ಕುಳಿತಿದ್ದರು. "ಅವಳಿಗೆ ಮಕ್ಕಳು?" ಎಂದರು.

"ಒಬ್ಬಾಕಿ ಮಗಳು ರೀ. ಭಾಗ್ಯಶ್ರೀ ಅಂತ. ಅಗೋ, ಅಲ್ಲಿ ಶೇಂಗಾ ಮಾರಾಕತ್ತಾಳಲ್ಲ, ಆಕಿನ. ಈ ವೈಶಾಖದಾಗ ಮದಿವಿ ಆತು. ಗಂಡ ಚನ್ನು ಜೀಡಿಮೆಟ್ಲಾದಾಗ ಫ್ಯಾಕ್ಟ್ರಿ ಕೆಲಸಕ್ಕ ಹೋಗ್ತಾನ."

"ಮದುವೇಲಿ ಮಡಿಲು ತುಂಬೋಕೆ ತಾಯಿ ಕಡೆಯವರು ಯಾರಾದ್ರೂ ಬಂದಿದ್ರಾ?"

"ಯಾರ್ ಬರ್ತಾರ್ರಿ. ನಾ ಒಬ್ಬಾಕಿ ಉಡಿ ತುಂಬೀನಿ."

ಅವರು ಕೆರೆಯ ಕಡೆ ನೋಡಿದರು. ಬಾಗಿನ ಕೊಡದೆ ಹೋಗಲು ಅವರಿಗೆ ಮನಸ್ಸಿಲ್ಲ, ಅದು ನನಗೆ ಅರ್ಥವಾಯಿತು. ನಂಬಿಕೆಯನ್ನು ಬಿಡಿ ಎಂದು ಹೇಳಲು ನಾನು ಯಾರು? ಹಗ್ಗ ಕಟ್ಟಿದ ಕೊಡವನ್ನು ಬಂಡೆಯ ಮೇಲಿಂದಲೇ ಇಳಿಬಿಟ್ಟು ನೀರು ಸೇದಿ ತಂದು ಅವರ ಮುಂದೆ ಇಟ್ಟೆ.

"ಇದೂ ಗಂಗವ್ವನ ರೀ. ಇಲ್ಲೇ ಪೂಜಿ ಮಾಡ್ರಿ, ತಿರುಗಿ ಕೆರಿಗೆ ಹಾಕ್ತೀನಿ. ಮೊರ ಮಾತ್ರ ನೀರಿಗೆ ಬಿಡಬ್ಯಾಡ್ರಿ. ಹೋದ ತಿಂಗಳು ಒಂದು ಬೆಳ್ಳಕ್ಕಿ ಕಾಲಿಗೆ ಕರಿಮಣಿ ದಾರ ಸುತ್ತಿ ಕಾಲಽ ಕೊಳೆತು ಸತ್ತೈತಿ. ಬಳಿ ಚೂರು ಮೀನು ಹಿಡಿಯೋರ ಕಾಲಿಗೆ ಚುಚ್ಚತಾವ. ಗಂಗವ್ವಗ ಬಾಚಣಿಕಿ ಯಾಕ್ರಿ?"

ಸಿಂಚನಾ ಅಳುವಿನ ನಡುವೆಯೂ ಕಿಸಕ್ಕೆಂದು ನಕ್ಕಳು. ಅತ್ತೆ ಗದರಲಿಲ್ಲ. ಐವರೂ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಆರತಿ ಮಾಡಿ, ನಿಂತಿದ್ದ ಹಾಡನ್ನು ಮುಗಿಸಿದರು. ನಾನು ಬಂಡೆಯ ಮೇಲಿಂದ ನೀರನ್ನು ಕೆರೆಗೆ ಸುರಿದೆ.

ಆಮೇಲೆ ವೇದವತಿ ಅಮ್ಮನವರು ತಮ್ಮ ಮೊರವನ್ನು ಎತ್ತಿಕೊಂಡು ನೇರ ಭಾಗ್ಯಶ್ರೀಯ ಹತ್ತಿರ ಹೋದರು. ಆ ಹುಡುಗಿ ಗಾಬರಿಯಿಂದ "ಏನ್ ಬೇಕ್ರಿ?" ಎಂದು ಶೇಂಗಾ ಅಳೆಯಲು ಹೋದಳು.

"ಏನೂ ಬೇಡಮ್ಮ. ಸೆರಗು ಹಿಡಿ."

ಭಾಗ್ಯಶ್ರೀ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸೆರಗು ಒಡ್ಡಿದಳು. ರವಿಕೆ ಬಟ್ಟೆ, ಬಳೆ, ಬೇಳೆ, ಬೆಲ್ಲ ಎಲ್ಲವನ್ನೂ ಅವರು ಒಂದೊಂದಾಗಿ ಉಡಿಗೆ ಹಾಕಿದರು. ಹಣೆಗೆ ಕುಂಕುಮ ಇಟ್ಟು, "ಇನ್ನು ಮೇಲೆ ಪ್ರತಿ ವರ್ಷ ನನ್ನ ಮನೆಯಿಂದ ನಿನಗೆ ಬಾಗಿನ ಬರುತ್ತೆ. ಗೌರಿ ಹಬ್ಬಕ್ಕೆ ನಾರಾಯಣಗೂಡಕ್ಕೆ ಬಾ, ಗಂಡನ್ನೂ ಕರಕೊಂಡು ಬಾ" ಎಂದರು. ತಾಯಿ ಸತ್ತ ದಿನವೂ ಬಾಯಿ ಬಿಟ್ಟು ಅಳದ ಹುಡುಗಿ ಅವತ್ತು ಆ ಅಮ್ಮನವರ ಹೆಗಲ ಮೇಲೆ ತಲೆಯಿಟ್ಟು "ಯವ್ವಾ" ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ.

ಉಳಿದ ನಾಲ್ಕು ಬಾಗಿನಗಳನ್ನು ಕೂಲಿ ಗುಡಿಸಲುಗಳ ನಾಲ್ವರು ಹೆಂಗಸರಿಗೆ ಕೊಟ್ಟರು. ಮುಂದಿನ ವಾರ ಭರತ ಒಬ್ಬನೇ ಬಂದು ಬೋರ್ಡು ನೆಟ್ಟು ಹೋದ. ತೆಲುಗು, ಉರ್ದು, ಇಂಗ್ಲಿಷ್, ಕನ್ನಡ, ನಾಲ್ಕರಲ್ಲೂ ಬರೆದಿದೆ. ಕಬ್ಬಿಣದ್ದು, ಸೌದೆಗೆ ಆಗುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊಂಗಲ ಕೆರೆ ಒಂದೇ ಹೀಗಿಲ್ಲ. ಮಣ್ಣು ತೆಗೆದ ಕೆರೆ ನಿಮ್ಮ ಊರಿನ ಹತ್ತಿರವೂ ಇರಬಹುದು. ಗೊತ್ತಿಲ್ಲದ ನೀರಿಗೆ ಪಾದದಷ್ಟೂ ಇಳಿಯಬೇಡಿ, ಗೊತ್ತಿದೆ ಎನ್ನುವವರ ಮಾತು ಕೇಳಿಯೂ ಇಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ದಡದಲ್ಲಿ ಮಲಗಿ ಗಳ ಚಾಚಿ, ಹಗ್ಗ ಎಸೆಯಿರಿ, ಕೂಗಿ ಜನ ಸೇರಿಸಿ. ಪೂಜೆಯನ್ನು ದಡದಲ್ಲೇ ಮಾಡಿ, ಬಾಗಿನವನ್ನು ಉಡಲು ತೊಡಲು ಬೇಕಾದ ಹೆಣ್ಣುಮಗಳ ಕೈಗೆ ಕೊಡಿ.

ಬನ್ನಿ, ಹಕ್ಕಿ ನೋಡಿ, ಬಂಡೆಯ ಮೇಲೆ ಕುಳಿತು ಬುತ್ತಿ ಉಣ್ಣಿ. ವ್ಯಾನಿನಿಂದ ಎಷ್ಟು ಜನ ಇಳಿದಿರೋ ಅಷ್ಟೂ ಜನ ಹತ್ತಿಕೊಂಡು ಮನೆಗೆ ಹೋಗಿ. ಅನ್ನಮ್ಮನ ಹೆಸರು ಹೇಳಿ ಹೇಳಿಯೇ ನಾನು ಸೋತಿದ್ದೇನೆ. ಇನ್ನೊಂದು ಹೆಸರು ಹೇಳುವ ಶಕ್ತಿ ನನಗಿಲ್ಲ.